ಪಂಚೆಯೊಳಗಿನ ಮೊಣಕಾಲು

ನಾಚಿಕೆ ಸ್ವಭಾವದವರನ್ನೇ ನಾಚಿಕೆಯ ಕೆಲಸಗಳು ಹುಡುಕಿಕೊಂಡು ಬರುತ್ತವೆ. ಇಲ್ಲದಿದ್ದರೆ, ಬಸ್ಸಿನಲ್ಲಿ "ನಿಲ್ಲಿಸಿ" ಎನ್ನಲಾಗದೆ ಮುಂದಿನ ಸ್ಟಾಪಿನಲ್ಲಿಳಿದು ನಡೆದು ಬರುವ ನನಗೆ, ಊರ ಗಂಡಸರ ಮೊಣಕಾಲು ವಿಡಿಯೊ ಮಾಡುವ ಕೆಲಸ ಯಾಕೆ ಬೀಳಬೇಕಿತ್ತು?

ಕೂತುಬಿಡುವ ರೋಬೋ

ರಾಮನಗರದ ಕಾಲೇಜಿನಲ್ಲಿ ನನ್ನ ಕೊನೆಯ ವರ್ಷದ ಪ್ರಾಜೆಕ್ಟು, ನಡೆಯುವ ರೋಬೋ. ಸೊಂಟ, ಎರಡು ಕಾಲು, ಅಷ್ಟೇ. ನಮ್ಮ ತೊಡೆಯ ಹಿಂದಿನ ಸ್ನಾಯು ಸೊಂಟದ ಬುಡದಲ್ಲಿ ಹುಟ್ಟಿ, ಮೊಣಕಾಲನ್ನೂ ದಾಟಿ ಕೆಳಗೆ ಕಚ್ಚಿಕೊಂಡಿರುತ್ತದೆ. ಒಂದೇ ಎಳೆತಕ್ಕೆ ಎರಡು ಕೀಲಿಗೂ ಕೆಲಸ. ಅದರ ಜಾಗಕ್ಕೆ ನಾನು ಸ್ಪ್ರಿಂಗ್ ಕಟ್ಟಿದ್ದೆ. ಎಷ್ಟು ಬಿಗಿಯಾಗಿ ಕಟ್ಟಬೇಕೋ ಗೊತ್ತಿಲ್ಲ. ರೋಬೋ ನಾಲ್ಕು ಹೆಜ್ಜೆ ಹಾಕಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿತ್ತು.

ಲ್ಯಾಬಿನ ಅಟೆಂಡರ್ ಅಣ್ಣ ನೋಡಿ, "ಪಾಪ, ಅದುಕ್ಕೇನೋ ಅರ್ಜೆಂಟು ಮೇಡಂ. ಒಸಿ ಹೊಲದ್ ಕಡೀಕೆ ಕರ್ಕೊಂಡೋಗಿ" ಅಂದರು.

ಗೈಡ್ ಸರ್ ನನ್ನನ್ನೂ ಹೊಲಕ್ಕೇ ಕಳಿಸಿದರು. "ಬದುವಿನ ಮೇಲೆ ನಡೆಯೋರನ್ನ ವಿಡಿಯೊ ಮಾಡ್ಕೊಂಡು ಬಾ. ಸೊಂಟ, ಮೊಣಕಾಲು ಎರಡೂ ಒಟ್ಟಿಗೆ ಕಾಣಬೇಕು. ಮೊಣಕಾಲು ಕಾಣದಿದ್ರೆ ಸ್ಪ್ರಿಂಗ್ ಲೆಕ್ಕ ಸಿಗಲ್ಲ, ನೀನು ಪಾಸಾಗಲ್ಲ."

ಮರ್ಯಾದೆ

ಮರಳವಾಡಿ ಹತ್ತಿರ ದೊಡ್ಡಪ್ಪನ ಹೊಲ. ಅವರೇ ನಾಲ್ಕೈದು ಜನರನ್ನು ಕರೆತಂದರು. ಎಲ್ಲರದೂ ಮೊಣಕಾಲ ಮೇಲೆ ಮಡಚಿ ಕಟ್ಟಿದ ಪಂಚೆ. ವಿಡಿಯೊದಲ್ಲಿ ಕೀಲುಗಳ ಗುರುತು ಸಿಗಲೆಂದು ಸೊಂಟಕ್ಕೆ, ಮೊಣಕಾಲಿಗೆ, ಹಿಮ್ಮಡಿಗೆ ಮಿನುಗುವ ಸ್ಟಿಕರ್ ಅಂಟಿಸಿದ್ದೂ ದೊಡ್ಡಪ್ಪನೇ. ನಾನು ಬದುವಿನ ಪಕ್ಕ ಕ್ಯಾಮೆರಾ ಹಿಡಿದು ನಿಂತೆ.

ಮೊದಲನೆಯವರು ಸೊಗಸಾಗಿ ನಡೆದು ಬಂದರು. ಹತ್ತಿರ ಬಂದಾಗ ನನ್ನನ್ನು ಕಂಡರು. ತಟ್ಟನೆ ಪಂಚೆ ಇಳಿಬಿಟ್ಟರು. ಮೊಣಕಾಲು, ಸ್ಟಿಕರ್, ನನ್ನ ಭವಿಷ್ಯ ಮೂರೂ ಒಟ್ಟಿಗೆ ಒಳಗೆ ಹೋದವು.

ಎರಡನೆಯವರೂ ಅಷ್ಟೇ. ಮೂರನೆಯವರು ಮರೆತು ಹಾಗೇ ಬರುತ್ತಿದ್ದರು, ನನಗೆ ಜೀವ ಬಂತು. ಹಿಂದಿನಿಂದ ಯಾರೋ ಕೂಗಿದರು: "ಲೇ, ಪಂಚೆ ಇಳಿಸ್ಲಾ! ಓದಿರೋ ಹೆಣ್ಮಗಳು ನಿಂತವ್ಳೆ, ಕಣ್ ಕಾಣಾಕಿಲ್ವ?"

ಮಳೆ

"ಬಾಯಿಬಿಟ್ಟು ಕೇಳು" ಎಂದರು ಸರ್ ಫೋನಿನಲ್ಲಿ. ಅವರಿಗೇನು! 'ಪಂಚೆ ಎತ್ತಿ ಕಟ್ಟಿಕೊಳ್ಳಿ' ಎಂದು ಮನಸ್ಸಿನಲ್ಲೇ ಅಂದುಕೊಂಡರೂ ಕಿವಿ ಬಿಸಿಯಾಗುತ್ತಿತ್ತು. ಇಂಗ್ಲಿಷಿನಲ್ಲಾದರೆ ನಾಚಿಕೆಯಾಗುವುದಿಲ್ಲ, ಆದರೆ ಊರವರಿಗೆ ಅರ್ಥವೂ ಆಗುವುದಿಲ್ಲ. ದೊಡ್ಡಪ್ಪನಿಗೆ ಹೇಳೋಣವೆಂದರೆ ಅವರೂ ಪಂಚೆಯಲ್ಲೇ ಇದ್ದರು. ಕೊನೆಗೆ ಹಿರಿಯರೊಬ್ಬರ ಮುಂದೆ ನಿಂತು, ನೆಲ ನೋಡುತ್ತ, ಬೆರಳು ಮಾತ್ರ ಮೇಲೆತ್ತಿ, "ಅದು... ಸ್ವಲ್ಪ..." ಎಂದೆ.

ಅವರು ಆಕಾಶ ನೋಡಿದರು. "ಬರಾಕಿಲ್ಲ ಕಣವ್ವ ಮಳೆ. ಧೈರ್ಯವಾಗಿ ತಕ್ಕೋ ನಿನ್ ವಿಡಿಯೊ."

ಅಜ್ಜಿಯ ಉಪಚಾರ

ಹೇಳಲಾಗದಿದ್ದರೆ ತೋರಿಸಿಯೇಬಿಡೋಣ ಎಂದು ಮುಂದಿನ ವಾರ ರೋಬೋವನ್ನೇ ಆಟೊಗೆ ಹೇರಿಕೊಂಡು ಹೋದೆ. ಅದರ ಮೊಣಕಾಲು ನೋಡಿಯಾದರೂ ಅರ್ಥವಾದೀತು. ದೊಡ್ಡಪ್ಪನ ಮನೆಯ ಜಗಲಿಯ ಮೇಲೆ ಗಂಡಸರೆಲ್ಲ ಹಿಮ್ಮಡಿವರೆಗೆ ಪಂಚೆ ಇಳಿಬಿಟ್ಟು ಸಾಲಾಗಿ ಕೂತಿದ್ದರು. ನಾನು ಅಂಗಳದಲ್ಲಿ ವೈರು ಜೋಡಿಸುತ್ತಿದ್ದಾಗ ನಮ್ಮಜ್ಜಿ ಹೊರಗೆ ಬಂದರು.

"ಥೂ, ಇದೇನ್ರಲಾ! ಹೆಣ್ಮಕ್ಳು ಓಡಾಡೋ ಮನೆ ಮುಂದೆ ಬೆತ್ಲೆ ನಿಲ್ಸಿದ್ದೀರಿ!" ಎಂದವರೇ, ಹಗ್ಗದ ಮೇಲೆ ಒಣಗುತ್ತಿದ್ದ ದೊಡ್ಡಪ್ಪನ ಪಂಚೆ ಎಳೆದು ಅದಕ್ಕೆ ಸುತ್ತಿ ಗಂಟು ಹಾಕೇಬಿಟ್ಟರು.

ತಡೆಯಲು ಹೋದೆ, ಕೈ ಸ್ವಿಚ್ಚಿಗೆ ತಗುಲಿತು. ಪಂಚೆಯುಟ್ಟ ರೋಬೋ ಹೊರಟಿತು, ಬಟ್ಟೆ ಕಾಲಿಗೆ ಸಿಕ್ಕಿ ತೂರಾಡುತ್ತ, ನೇರ ಕಲ್ಲಿನ ನೀರುತೊಟ್ಟಿಯ ಕಡೆಗೆ. ಅದು ಬಿದ್ದರೆ ನನ್ನ ವರ್ಷವೇ ನೀರುಪಾಲು. ಹುಟ್ಟಿದ ಮೇಲೆ ಮೊದಲ ಸಲ ಊರಿಗೆ ಕೇಳುವಂತೆ ಕಿರುಚಿದೆ:

"ಪಂಚೆ ಎತ್ರೀ! ಮೊಣಕಾಲ್ ಮೇಲಕ್ಕೆ ಎತ್ತಿ ಕಟ್ರೀ!"

ರೋಬೋ ತೊಟ್ಟಿಯ ಮುಂದೆ ಎಂದಿನಂತೆ ಕುಕ್ಕರಗಾಲಲ್ಲಿ ಕೂತಿತು. ತಿರುಗಿ ನೋಡಿದರೆ, ಜಗಲಿಯ ಮೇಲಿದ್ದವರೆಲ್ಲ, ದೊಡ್ಡಪ್ಪನೂ ಸೇರಿ, ಎದ್ದು ನಿಂತು ಪಂಚೆ ಎತ್ತಿ ಕಟ್ಟಿಕೊಂಡಿದ್ದರು.

"ಎತ್ತುದ್ವಿ ಕಣವ್ವ" ಎಂದರು ಅದೇ ಹಿರಿಯರು ಮೆಲ್ಲಗೆ. "ಅದುಕ್ಯಾಕೆ ಅಷ್ಟ್ ಸಿಟ್ಟು?"

ಹಾಗೇ ಎಲ್ಲರನ್ನೂ ಬದುವಿನ ಮೇಲೆ ನಡೆಸಿ ಕ್ಯಾಮೆರಾ ಆನ್ ಮಾಡಿದೆ. ಎಲ್ಲರ ಮೊಣಕಾಲೂ ಸಿಕ್ಕವು, ಸ್ಪ್ರಿಂಗಿನ ಲೆಕ್ಕವೂ ಸಿಕ್ಕಿತು, ಪಾಸೂ ಆದೆ. ಈಗಲೂ ಆ ಊರಿಗೆ ಹೋದರೆ, ನಾನು ದೂರದಲ್ಲಿ ಕಂಡ ಕೂಡಲೇ ಗಂಡಸರೆಲ್ಲ ಬಹಳ ಮರ್ಯಾದೆಯಿಂದ ಪಂಚೆ ಎತ್ತಿ ಕಟ್ಟಿಕೊಳ್ಳುತ್ತಾರೆ.