ಸಿದ್ದಯ್ಯನ ಎಡೆಯ ಬೀಡಿ

ದೊಡ್ಡಆಲಹಳ್ಳಿಯ ಸಿದ್ದಯ್ಯ ತೀರಿಕೊಂಡ ಸುದ್ದಿ ಹಾರೋಹಳ್ಳಿಗೆ ಬಂದದ್ದು ಬೆಳಗಿನ ಮೊದಲ ಬಸ್ಸಿನ ಕಂಡಕ್ಟರನ ಬಾಯಲ್ಲಿ. ರಾಮಲಿಂಗಯ್ಯ ಆಗಷ್ಟೇ ತನ್ನ ಮುದ್ದೆ ಹೋಟೆಲಿನ ಬಾಗಿಲು ತೆಗೆದು ದೇವರ ಪಟದ ಮುಂದೆ ಊದುಬತ್ತಿ ಹಚ್ಚಲು ಕಡ್ಡಿ ಗೀರಿದ್ದ. ಸುದ್ದಿ ಕೇಳಿದವನು ಕಡ್ಡಿ ಉರಿದು ಬೆರಳು ಸುಡುವವರೆಗೂ ಹಾಗೇ ನಿಂತ. ಸುತ್ತ ಫ್ಯಾಕ್ಟರಿಗಳು ಏಳುವ ಮುಂಚಿನಿಂದಲೂ ಆ ಹೋಟೆಲಿನಲ್ಲಿ ಮುದ್ದೆ ತಿರುವಿದವನು ಸಿದ್ದಯ್ಯ. ಕೈಯಲ್ಲಿ ಮುದ್ದೆ ಕೋಲು, ತುಟಿಯಲ್ಲಿ ಬೀಡಿ.

ರಾಮಲಿಂಗಯ್ಯ ಮಾತ್ರ ಹುಟ್ಟಿದ ಮೇಲೆ ಬೀಡಿ ಮುಟ್ಟಿದವನಲ್ಲ. ಸಿದ್ದಯ್ಯ ದಿನಕ್ಕೊಂದು ಸಲವಾದರೂ ಕೆಣಕುತ್ತಿದ್ದ.

"ಒಂದೇ ಒಂದ್ ದಮ್ ಎಳೀರಿ ಯಜಮಾನ್ರೆ. ಇಲ್ದಿದ್ರೆ ಆಸೆ ಇಟ್ಕೊಂಡೇ ಸತ್ತೋಯ್ತೀನಿ."

"ನೀನ್ ಸತ್ಮೇಲೆ ಎಳೀತೀನಿ. ಈಗ ಮುದ್ದೆ ತಿರುವು."

ಆ ವರ್ಷದ ಗಾಂಧಿ ಜಯಂತಿಗೆ ಹೊಸ ಕಾನೂನು ಬಂದಿತ್ತು. ಹೋಟೆಲು, ಫ್ಯಾಕ್ಟರಿ, ಕಚೇರಿ, ಎಲ್ಲಿಯೂ ಯಾರೂ ಸೇದಕೂಡದು. ಸೇದಿದವನಿಗೂ ದಂಡ, ಸೇದಲು ಬಿಟ್ಟ ಮಾಲೀಕನಿಗೂ ದಂಡ. ಬಾಗಿಲಿಗೆ ಬೋರ್ಡು ಹಾಕಿ, ದೂರು ಯಾರಿಗೆ ಹೇಳಬೇಕೆಂದು ಒಬ್ಬನ ಹೆಸರನ್ನೂ ಬರೆಸಬೇಕು. ರಾಮಲಿಂಗಯ್ಯ ಸಿದ್ದಯ್ಯನ ಹೆಸರನ್ನೇ ಬರೆಸಿದ. ಹಾಲಿಗೆ ಬೆಕ್ಕನ್ನು ಕಾವಲಿಟ್ಟ ಹಾಗಾಯಿತೆಂದು ಊರು ನಕ್ಕಿತು. ಆದರೆ ಬೋರ್ಡಿನಲ್ಲಿ ತನ್ನ ಹೆಸರು ಕಂಡದ್ದೇ ಸಿದ್ದಯ್ಯ ಬೆತ್ತ ಸಿಕ್ಕ ಮೇಷ್ಟ್ರಂತಾದ. ಕಡ್ಡಿ ಗೀರಿದವರನ್ನೆಲ್ಲ ಮುದ್ದೆ ಕೋಲು ಹಿಡಿದು ಅಟ್ಟಿದ. ತಾನೂ ರಸ್ತೆ ದಾಟಿ ಹೊಂಗೆ ಮರದಡಿ ಕೂತು ಸೇದುತ್ತಿದ್ದ. "ಒಲೆ ಮುಂದ್ಕೂತು ಸೇದ್ದಂಗಾಯ್ತದಾ?" ಎಂದು ಗೊಣಗುವುದನ್ನು ಮಾತ್ರ ಬಿಡಲಿಲ್ಲ.

ಮಣ್ಣು ಮಾಡಿದ ಮೂರನೆಯ ದಿನ ಹಾಲು ತುಪ್ಪ. ಸಮಾಧಿಯ ಮೇಲಿಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಕರೆದರು, ಕೈ ಮುಗಿದರು, ಬೇಡಿದರು. ಕಾಗೆ ಮುಟ್ಟದಿದ್ದರೆ ಸತ್ತವನ ಆಸೆ ತೀರಿಲ್ಲ, ಜೀವ ಅಲೆಯುತ್ತಿದೆ ಎಂದೇ ಅರ್ಥ. ಹೆಂಡತಿ ಕೆಂಚಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅವ್ರ ಜೀವ ನಿಮ್ಮೋಟ್ಲು ಒಲೆ ತಾವ್ಲೇ ಐತೆ ಅಣ್ಣಾ. ಅಲ್ಲೊಂದು ಎಡೆ ಇಕ್ಕಿ, ನಿಮ್ಮ ಕಾಲಿಗ್ ಬೀಳ್ತೀನಿ" ಎಂದಳು. ಆಗಲೆಂದು ರಾಮಲಿಂಗಯ್ಯ ಹಾರೋಹಳ್ಳಿಯ ಬಸ್ಸು ಹಿಡಿದ.

ಮಧ್ಯಾಹ್ನಕ್ಕೆ ಹೋಟೆಲಿನ ಹಿಂಭಾಗದ ಒಲೆಯ ಮುಂದೆ ಸಿದ್ದಯ್ಯನ ಪಟವಿಟ್ಟು ಎಲೆ ಹಾಕಿದ. ಮುದ್ದೆ, ಸೊಪ್ಪಿನ ಸಾರು, ವಡೆ. ಪಕ್ಕದಲ್ಲಿ ಹೂವು ಮಾರುವ ದೊಡ್ಡಲಕ್ಷ್ಮಮ್ಮ ಸುಮ್ಮನಿರುವವಳೇ?

"ಬೀಡಿ ಎಲ್ಲಿ? ಬೀಡಿ ಇಲ್ದಿದ್ರೆ ಸಿದ್ದಣ್ಣ ಈ ಕಡೆ ತಲೆ ಹಾಕ್ತಾನಾ?"

"ಕಾನೂನು ಐತೆ ಕಣವ್ವ. ಬೇಕಾದ್ರೆ ಹೊಂಗೆ ಮರದಡಿ ಇಕ್ಕಾನ."

"ಅಲ್ಲಿ ಸೇದಿದ್ದು ಕಾನೂನಿಗೆ. ಇಲ್ಲಿ ಸೇದಿದ್ದು ಸಂತೋಸಕ್ಕೆ."

ಊಟಕ್ಕೆ ಬಂದ ಫ್ಯಾಕ್ಟರಿ ಜನ ಹಸಿದು ನಿಂತಿದ್ದರು. ಕಾಗೆ ಮುಟ್ಟದೆ ಯಾರೂ ತಟ್ಟೆಗೆ ಕೈ ಹಾಕುವ ಹಾಗಿರಲಿಲ್ಲ. ಬೋರ್ಡು ಬರೆದ ಪೇಂಟರ್ ಗಫಾರ್ ಬೀಡಿ ಹಚ್ಚಿ, ಒಂದು ದಮ್ಮೆಳೆದು, ಎಲೆಯ ತುದಿಗಿಟ್ಟ. ಹಿಂಬದಿಯ ತಗಡಿನ ಮಾಡಿನ ಅಂಚಿಗೆ ಒಂದು ಕಾಗೆ ಬಂದು ಕೂತು ಕತ್ತು ವಾಲಿಸಿತು.

"ಯಾರ್ರೀ ಒಳಗೆ ಸೇದ್ತಿರೋದು?"

ಬಾಗಿಲಲ್ಲಿ ತಪಾಸಣೆಗೆ ಬಂದ ಆರೋಗ್ಯ ಇನ್ಸ್‌ಪೆಕ್ಟರ್ ಅನಂತರಾಜು.

"ಸಿದ್ದಯ್ಯ," ಎಂದಳು ದೊಡ್ಡಲಕ್ಷ್ಮಮ್ಮ.

"ಕರೀರಿ ಅವನನ್ನ."

"ಬೆಳಗ್ಗೆಯಿಂದ ಕರೀತಾನೇ ಇದ್ದೀವಿ ಸ್ವಾಮಿ, ಬರ್ನಿಲ್ಲ."

"ಸರಿ, ಬೋರ್ಡಲ್ಲಿ ಯಾರ ಹೆಸರಿದೆಯೋ ಅವರನ್ನ ಕರೀರಿ."

"ಅವ್ನೂ ಸಿದ್ದಯ್ಯನೇ," ಎಂದ ಗಫಾರ್.

"ಏನ್ರೀ, ತಮಾಷೆ ಮಾಡ್ತೀರಾ?"

ರಾಮಲಿಂಗಯ್ಯ ಪಟದ ಕಡೆ ಕೈ ತೋರಿಸಿದ. ಹೂವಿನ ಹಾರ ಕಂಡ ಅನಂತರಾಜು ಚಪ್ಪಲಿ ಬಿಟ್ಟು ಕೈ ಮುಗಿದರು. ಒಳ್ಳೆಯ ಮನುಷ್ಯ.

"ಸತ್ತವರಿಗೆ ದಂಡ ಹಾಕೋ ಕಾನೂನು ಇನ್ನೂ ಬಂದಿಲ್ಲ. ಆದ್ರೆ ಬೋರ್ಡಲ್ಲಿ ಬದುಕಿರೋರ ಹೆಸರಿರಬೇಕು. ನನ್ನ ಕಣ್ಣೆದುರಿಗೇ ಬದಲಾಯಿಸಿ."

"ನನ್ನೆಸರೇ ಬರಿಯಪ್ಪ," ಎಂದ ರಾಮಲಿಂಗಯ್ಯ.

ಬಣ್ಣದ ಡಬ್ಬಿ ತಂದ ಗಫಾರ್ ಅಕ್ಷರಕ್ಕೆ ಗೆರೆ ಎಳೆಯಲು ಇನ್ಸ್‌ಪೆಕ್ಟರರ ಪೆನ್ನನ್ನೇ ಈಸಿಕೊಂಡ. ಸಿದ್ದಯ್ಯನ ಹೆಸರಿನ ಮೇಲೆ ಬಿಳಿ ಬಣ್ಣ ಬಿತ್ತು. ಮೊನ್ನೆ ತಾನೇ ಮಣ್ಣು ಹಾಕಿದ್ದೆ, ಇದು ಎರಡನೆಯ ಸಲ ಎನಿಸಿ ರಾಮಲಿಂಗಯ್ಯ ಮುಖ ತಿರುಗಿಸಿಕೊಂಡ. ಹೊಸ ಹೆಸರು ಮೂಡಿದ ಮೇಲೆ ಅನಂತರಾಜು ಬೈಕು ಹತ್ತಿ ಹೋದರು.

ಇತ್ತ ಬೀಡಿ ಆರಿಹೋಗಿತ್ತು. ಬೀಡಿಯ ಗುಣವೇ ಹಾಗೆ, ಎಳೆಯುವ ಬಾಯಿ ಇಲ್ಲದಿದ್ದರೆ ಉಳಿಯುವುದಿಲ್ಲ. ಕಾಗೆ ಬೆನ್ನು ತಿರುಗಿಸಿ ಕೂತಿತ್ತು.

"ಇನ್ನೊಂದ್ ದಪ ಹಚ್ಚೋ ಗಫಾರ್," ಎಂದ ರಾಮಲಿಂಗಯ್ಯ.

"ಸೇದ್ಬಾರ್ದು ಅನ್ನೋ ಬೋರ್ಡಿಗೆ ಈಗಿನ್ನೂ ಬಣ್ಣ ಹಚ್ಚಿವ್ನಿ. ಅದು ಒಣಗೋಕ್ ಮುಂಚೆ ನಾನೇ ಸೇದ್ಲಾ?"

ದೊಡ್ಡಲಕ್ಷ್ಮಮ್ಮ, "ನಂದು ಎಲೆಅಡಿಕೆ ಬಾಯಿ" ಎಂದು ಜಾರಿಕೊಂಡಳು. ಫ್ಯಾಕ್ಟರಿಯವರು ನೆಲ ನೋಡಿದರು. ಕಾಗೆ ರೆಕ್ಕೆ ಬಿಚ್ಚಿತು. ಇನ್ನೇನು ಹಾರಿಬಿಡುತ್ತದೆ! ಕೆಂಚಮ್ಮನ ಮುಖ ರಾಮಲಿಂಗಯ್ಯನ ಕಣ್ಣ ಮುಂದೆ ಬಂತು. ಬಾಗಿಲಿಗೆ ಹೋಗಿ ರಸ್ತೆಯ ಎರಡೂ ಕಡೆ ನೋಡಿ ಬಂದ. ಬೀಡಿಯನ್ನು ತುಟಿಗಿಟ್ಟು, ಕಡ್ಡಿ ಗೀರಿ, ಕಣ್ಣು ಮುಚ್ಚಿ ಎಳೆದ.

ಹಸಿ ಸೌದೆ ತುಂಬಿದ ಒಲೆಯ ಹಾಗೆ ಅವನ ಬಾಯಿ, ಮೂಗಿನಿಂದ ಹೊಗೆ ನುಗ್ಗಿತು. ಕೆಮ್ಮಿ ಕೆಮ್ಮಿ ಬೆನ್ನು ಬಾಗಿತು. ತಲೆ ಎತ್ತಿದಾಗ ಬಾಗಿಲಲ್ಲಿ ಅನಂತರಾಜು.

"ಪೆನ್ನು ಮರೆತು ಹೋಗಿದ್ದೆ," ಎಂದರು.

ಯಾರು ಸೇದಿದ್ದೆಂದು ಕೇಳುವ ಅಗತ್ಯವಿರಲಿಲ್ಲ. ಅವರು ತಿರುಗಿ ಬೋರ್ಡು ಓದಿದರು. ಬಣ್ಣ ಇನ್ನೂ ಹಸಿ.

"ಸೇದಿದೋರು ನೀವೇ, ಮಾಲೀಕರೂ ನೀವೇ, ದೂರು ಕೇಳೋರೂ ನೀವೇ. ಬದುಕೂ ಇದ್ದೀರಿ. ನಾನೇನ್ ಮಾಡ್ಲಿ ಯಜಮಾನ್ರೆ?"

ಗಫಾರನ ಕೈಯಿಂದ ಪೆನ್ನು ಪಡೆದು ದಂಡದ ರಸೀದಿ ಬರೆಯತೊಡಗಿದರು. ಬಿಟ್ಟರೆ ಬಿಡಬಹುದಿತ್ತು, ಆದರೆ ಅಷ್ಟು ಜನ ನೋಡುತ್ತಿದ್ದರು.

ಅಷ್ಟರಲ್ಲಿ ರೆಕ್ಕೆಯ ಸದ್ದಾಯಿತು. ಕಾಗೆ ಸೀದಾ ಎಲೆಗಿಳಿದು, ಮುದ್ದೆ ಕುಕ್ಕಿ, ವಡೆ ಕಚ್ಚಿಕೊಂಡು ಹೊಂಗೆ ಮರಕ್ಕೆ ಹಾರಿತು.

"ಮುಟ್ತು! ಕಾಗೆ ಮುಟ್ತು!" ಎಂದು ದೊಡ್ಡಲಕ್ಷ್ಮಮ್ಮ ಕೂಗಿದಳು. ಜನ ತಟ್ಟೆಗಳತ್ತ ನುಗ್ಗಿದರು.

ರಾಮಲಿಂಗಯ್ಯನಿಗೆ ಆಗ ನೆನಪಾಯಿತು, ತಾನು ಕೊಟ್ಟ ಮಾತು. ನೀನ್ ಸತ್ಮೇಲೆ ಎಳೀತೀನಿ. ನಗು ಬಂತು. ಕಣ್ಣಲ್ಲಿ ನೀರೂ ಬಂತು, ಹೊಗೆಯಿಂದಲೇ ಎಂದು ಹೇಳುವಂತಿರಲಿಲ್ಲ. ಒಂದು ಕೈಯಲ್ಲಿ ರಸೀದಿ ಹಿಡಿದೇ ಪಟದ ಮುಂದೆ ಕೈ ಮುಗಿದ.

"ಮಾತು ತೀರಿಸಿದೀನಿ ಕಣಯ್ಯ, ಇನ್ನು ಅಲೀಬೇಡ. ತಾಯಿ ಕಬ್ಬಾಳಮ್ಮ, ಇವನನ್ನು ನಿನ್ನ ನೆರಳಿಗೆ ಕರಕೋ. ಬೋರ್ಡಿಲ್ಲದ ಕಡೆ ಒಂದು ಒಲೆ ಮುಂದೆ ಕೂರಿಸು. ಅವನ ಜೀವ ತಣ್ಣಗಿರಲಿ."