ತಿಂಗಳ ಕೊನೆಗೆ ಟೆಸ್ಟ್ ಬೇಡ

ತಪ್ಪು ನನ್ನದಲ್ಲ ಎಂದು ತೀರ್ಮಾನಿಸಲು ನನಗೆ ಅರೆ ನಿಮಿಷ ಸಾಕು. ಯಾರದೆಂದು ಹುಡುಕಲು ಇನ್ನರ್ಧ ನಿಮಿಷ. ಈ ವಿದ್ಯೆ ಮನೆಯಲ್ಲಿ ನಡೆಯುವುದಿಲ್ಲ. ಹಾಲು ಉಕ್ಕಿದರೆ ಒಲೆಯ ಮೇಲೆ ದೂರು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಒರೆಸುವ ಬಟ್ಟೆಯನ್ನು ನನ್ನ ಕೈಗೇ ಕೊಟ್ಟಿರುತ್ತಾಳೆ. ಆದ್ದರಿಂದ ಅದನ್ನು ಆಫೀಸಿಗೆಂದೇ ಮೀಸಲಿಟ್ಟಿದ್ದೆ.

ಎರಡು ಸಾವಿರದ ಐದಾರನೇ ಇಸವಿಯ ಮಾತು. ಬಸವೇಶ್ವರನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಏಳು ಜನ, ಆರು ಕಂಪ್ಯೂಟರು. ಕಲ್ಯಾಣ ಮಂಟಪಗಳ ಬುಕಿಂಗಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಅದರಲ್ಲಿ ತಾರೀಕಿನ ಲೆಕ್ಕವೆಲ್ಲ ನನ್ನದು. ಆ ಲೆಕ್ಕ ಸರಿಯೇ ಎಂದು ತಾವಾಗಿ ನೋಡುವ ಪುಟ್ಟ ಪ್ರೋಗ್ರಾಂಗಳನ್ನು, ಅಂದರೆ ಟೆಸ್ಟ್‌ಗಳನ್ನು ಬರೆದವಳು ಗಿರಿಜಾ. ಹುಬ್ಬಳ್ಳಿ ಕಡೆಯ ಹುಡುಗಿ, ಕೆಂಗೇರಿಯಲ್ಲಿ ರೂಮು ಮಾಡಿಕೊಂಡು ಎರಡು ಬಸ್ ಬದಲಿಸಿ ಬರುತ್ತಿದ್ದಳು. ಇನ್ನೂ ಪ್ರೊಬೇಷನ್ನು. ಅವಳನ್ನು ಕಾಯಂ ಮಾಡಬಹುದೇ ಎಂದು ಬಾಸಿಗೆ ವರದಿ ಕೊಡಬೇಕಾದವನು ನಾನು. ಕೋಡ್ ಸರಿಯಿದ್ದರೆ ಪರದೆಯ ಮೇಲೆ ಟೆಸ್ಟ್ ಹಸಿರು, ತಪ್ಪಿದ್ದರೆ ಕೆಂಪು. ತಿಂಗಳೆಲ್ಲ ಹಸಿರಾಗಿರುತ್ತಿದ್ದ ಒಂದು ಟೆಸ್ಟ್ ಕೊನೆಯ ಎರಡು ಮೂರು ದಿನ ಕೆಂಪಾಗುತ್ತಿತ್ತು. ಫೆಬ್ರವರಿ ಹತ್ತರ ಮದುವೆ ಮಾರ್ಚ್ ಹತ್ತಕ್ಕೆ ಹೋಗಿ ಕೂರುತ್ತಿತ್ತು. ಒಂದನೇ ತಾರೀಕು ಬಂದರೆ ಮತ್ತೆ ಹಸಿರು.

"ನಿನಗೆ ಟೆಸ್ಟ್ ಬರೆಯೋಕೆ ಬರಲ್ಲ ಕಣಮ್ಮ" ಎಂದೆ.

"ಟೆಸ್ಟ್ ಬರೋಬ್ಬರಿ ಐತ್ರೀ ಸರ್. ನಿಮ್ಮ ಕೋಡ್ ಒಮ್ಮೆ ನೋಡ್ರಿ" ಎಂದಳು.

ನಾನು ಬರೆದದ್ದನ್ನು ನಾನೇ ನೋಡುವುದೇ? ಬಾಸ್ ಶಿವಣ್ಣನವರು ಇನ್ನೊಂದು ದಾರಿ ತೋರಿಸಿದರು. "ಆಷಾಢದಲ್ಲಿ ಯಾರಾದ್ರೂ ಮದುವೆ ಮಾಡ್ತಾರೇನ್ರೀ? ಹಾಗೇ ತಿಂಗಳ ಕೊನೇಲಿ ಟೆಸ್ಟ್ ಬೇಡ, ಬಿಡಿ." ರಾಹುಕಾಲ ನೋಡುವ ನೆಂಟರನ್ನೆಲ್ಲ ಹಂಗಿಸುವ ವಿಚಾರವಾದಿ ನಾನು. ಆದರೂ ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು ಟೆಸ್ಟಿಗೆ ಆಗಿಬರುವುದಿಲ್ಲವೆಂದು ಬೋರ್ಡಿನ ಮೇಲೆ ಕೈಯಾರೆ ಬರೆದೆ. ಅದೇ ಕೈಯಲ್ಲಿ ಗಿರಿಜಾಳ ವರದಿಯನ್ನೂ ಬರೆದೆ: ಇವಳ ಕೆಲಸ ನಂಬುವಂತಿಲ್ಲ, ಕಾಯಂ ಮಾಡುವುದು ಬೇಡ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ, ಕೆಳಗೆ ಹೋಗಿ ಬಿಸಿ ಪಫ್ ತಿಂದು ಬಂದೆ.

ಹದಿನೈದನೇ ತಾರೀಕು ಶಿವಣ್ಣನವರು ಇಬ್ಬರನ್ನೂ ಕರೆದು ವರದಿ ಓದಿದರು. ಅಳುತ್ತಾಳೆಂದುಕೊಂಡಿದ್ದೆ. "ಐದು ನಿಮಿಷ ಕೊಡ್ರಿ ಸರ್" ಎಂದವಳೇ ಅವರ ಕಂಪ್ಯೂಟರಿನ ತಾರೀಕನ್ನು ಮೂವತ್ತೊಂದಕ್ಕೆ ಬದಲಿಸಿ ಟೆಸ್ಟ್ ಓಡಿಸಿದಳು. ಕೆಂಪು. ಹದಿನೈದಕ್ಕೆ ತಂದಳು. ಹಸಿರು.

"ಈ ಕೋಡು ಇವತ್ತಿನ ತಾರೀಕು ಹಿಡ್ಕೊಂಡು ಮೊದಲಿಗೆ ತಿಂಗಳು ಬದಲಿ ಮಾಡ್ತೈತ್ರಿ, ಆಮ್ಯಾಲೆ ದಿನ. ಇವತ್ತು ಮೂವತ್ತೊಂದಿದ್ರ ನಡುವ ಫೆಬ್ರವರಿ ಮೂವತ್ತೊಂದು ಆಗ್ತೈತಿ. ಅಂಥಾ ದಿನಾನ ಇಲ್ಲಲ್ರೀ? ಅದಕ್ಕ ಮಾರ್ಚಿಗೆ ಜಿಗೀತೈತಿ."

ಶಿವಣ್ಣನವರು ನನ್ನ ಕಡೆ ತಿರುಗಿದರು. "ಇದನ್ನ ಬರೆದ ಪುಣ್ಯಾತ್ಮ ಯಾರ್ರೀ?"

"ಯಾರೋ ಹಳಬರು ಸಾರ್. ಕೆಲಸ ಬಿಟ್ಟು ಹೋದ್ರು."

ಗಿರಿಜಾ ಪರದೆಯ ಮೇಲಿದ್ದ ಕೋಡಿನ ಫೈಲನ್ನು ಮೇಲಕ್ಕೆಳೆದು ಮೊದಲ ಸಾಲು ತೋರಿಸಿದಳು. ಅಲ್ಲಿ ನನ್ನ ಹೆಸರು, ಅದರ ಕೆಳಗೆ ಯಾರೂ ಮುಟ್ಟಕೂಡದೆಂಬ ನನ್ನದೇ ಎಚ್ಚರಿಕೆ ಇತ್ತು.

ಅವಳು ಅಂದೇ ಕಾಯಂ ಆದಳು. ಇನ್ನು ಮುಂದೆ ನನ್ನ ಕೋಡನ್ನು ಅವಳು ಒಪ್ಪಿದ ಮೇಲೆಯೇ ಮಂಟಪದವರಿಗೆ ಕೊಡತಕ್ಕದ್ದೆಂದು ಅಪ್ಪಣೆಯಾಯಿತು. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಫೈಲಿನಿಂದ ನನ್ನ ಹೆಸರು ಅಳಿಸಿ, ಟೆಸ್ಟ್ ಓಡಿಸಿದೆ. ಕೆಂಪು. ಆ ಹೆಸರು ಅಲ್ಲೇ ಇದೆಯೇ ಎಂದು ನೋಡಲು ಗಿರಿಜಾ ಹಿಂದಿನ ಸಂಜೆಯೇ ಹೊಸ ಟೆಸ್ಟ್ ಬರೆದಿಟ್ಟು ಹೋಗಿದ್ದಳು. ಮೆಟ್ಟಿಲಲ್ಲಿ ಅವಳ ಚಪ್ಪಲಿ ಸದ್ದಾಯಿತು. ಗಡಿಬಿಡಿಯಲ್ಲಿ ನನ್ನ ಹೆಸರನ್ನು ನಾನೇ, ಒಂದಕ್ಷರವೂ ತಪ್ಪಿಲ್ಲದಂತೆ, ಮತ್ತೆ ಟೈಪ್ ಮಾಡಿದೆ.