ಚಿಕ್ಕಪ್ಪನ ಭೂಮಧ್ಯ ಸಮುದ್ರ

ನಮ್ಮ ಚಿಕ್ಕಪ್ಪ ಭೂಮಧ್ಯ ಸಮುದ್ರದ ತೀರವನ್ನು ಸೈಕಲ್ಲಿನಲ್ಲಿ ಸುತ್ತಿ ಬಂದವರು ಎಂದರೆ ನೀವು ನಂಬುವುದಿಲ್ಲ. ನಂಬಲೇಬೇಕೆಂಬ ಬಲವಂತವೂ ಇಲ್ಲ. ಅವರ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ವಿಮಾನದ ಸದ್ದು ಕೇಳಿದರೆ ಅಂಗಳಕ್ಕೆ ಓಡಿಬಂದು ತಲೆ ಎತ್ತಿ ನೋಡುತ್ತಿದ್ದರೇ ಹೊರತು ಅದರ ಜೊತೆ ಬೇರೆ ವ್ಯವಹಾರವೂ ಇರಲಿಲ್ಲ. ಬೆಂಗಳೂರಿಗೆ ಹೋಗಿ ಬಂದರೇ ನೀರು ಬದಲಾಯಿತೆಂದು ವಾರ ಸೀನುತ್ತಿದ್ದ ಮನುಷ್ಯ. ಆದರೂ ಸುತ್ತಿದ್ದು ನಿಜ, ಏಕೆಂದರೆ ನಾನೂ ಜೊತೆಗಿದ್ದೆ. ಮಂಡ್ಯದಲ್ಲಿ ಸೈಕಲ್ಲು ಹತ್ತಿದೆವು, ಮದ್ದೂರು, ಮಳವಳ್ಳಿ ದಾಟಿದೆವು, ಸಮುದ್ರ ಸೇರಿದೆವು.

ಎಪ್ಪತ್ತರ ದಶಕದ ಮಾತು. ಚಿಕ್ಕಪ್ಪ ಮಂಡ್ಯದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರಿಗಿದ್ದ ಚಟ ಬೀಡಿಯಲ್ಲ, ಇಸ್ಪೀಟಲ್ಲ. ಪರದೇಶದ ಪ್ರವಾಸಿ ಕಚೇರಿಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವುದು! ‘ನಾನೂ ನನ್ನ ಕುಟುಂಬವೂ ತಮ್ಮ ದೇಶಕ್ಕೆ ಭೇಟಿ ಕೊಡುವ ವಿಚಾರ ಮಾಡುತ್ತಿದ್ದೇವೆ’ ಎಂದು ಗಂಭೀರವಾಗಿ ಬರೆಯುತ್ತಿದ್ದರು. ಪಾಪ, ಆ ಕಚೇರಿಯವರು ನಂಬಿ ಬಣ್ಣಬಣ್ಣದ ಪುಸ್ತಕಗಳನ್ನು ಕಳಿಸುತ್ತಿದ್ದರು. ಪೋಸ್ಟ್‌ಮ್ಯಾನ್ ಅವನ್ನು ಬಾಗಿಲಲ್ಲೇ ನಿಂತು ಪೂರ್ತಿ ತಿರುವಿಹಾಕಿ, ಆಮೇಲೆ ಚಿಕ್ಕಪ್ಪನ ಕೈಗೆ ಕೊಟ್ಟು, “ಈ ಊರ್ಗೆ ಯಾವಾಗ ಸ್ವಾಮಿ?” ಎನ್ನುತ್ತಿದ್ದ. “ರಜ ಸಿಗ್ಲಿ ಕಣಪ್ಪ” ಎನ್ನುತ್ತಿದ್ದರು ಇವರು, ರಜೆಯೊಂದೇ ಅಡ್ಡ ಎನ್ನುವ ಹಾಗೆ.

ಹಾಗೆ ಬಂದ ಪುಸ್ತಕವೊಂದರಲ್ಲಿ ಭೂಮಧ್ಯ ಸಮುದ್ರದ ತೀರದ ರಜಾಪ್ರವಾಸದ ವಿವರವಿತ್ತು. ಒಂದು ದಿನ ಸೈಕಲ್ಲು, ಒಂದು ದಿನ ಈಜು, ಒಂದು ದಿನ ನಡಿಗೆ, ಒಂದು ದಿನ ದೋಣಿ. ಸಂಜೆಯಾದರೆ ದಾರಿಯಲ್ಲಿನ ಸಣ್ಣ ಸಣ್ಣ ವಸತಿಗೃಹಗಳಲ್ಲಿ ತಂಗುವುದು. ಊಟಕ್ಕೆ ಆಲಿವ್ ಕಾಯಿ, ಕುಡಿಯಲು ದ್ರಾಕ್ಷಾರಸ. ಚಿತ್ರದಲ್ಲಿ ಚಡ್ಡಿ ತೊಟ್ಟ ಗಂಡಹೆಂಡಿರು ಸೈಕಲ್ ಹಿಡಿದು ಹಲ್ಲು ಕಿರಿಯುತ್ತಿದ್ದರು. ಚಿಕ್ಕಪ್ಪ ಆ ಪುಟವನ್ನು ಒಂದು ವಾರ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಆಮೇಲೆ ಒಂದು ಭಾನುವಾರ ಚಿಕ್ಕಮ್ಮನ ಜೊತೆ ನಮ್ಮ ಮನೆಗೆ ಬಂದು, “ಅಣ್ಣ, ನಾನೂ ಇವ್ಳೂ ಸಮುದ್ರತೀರದ ಪ್ರವಾಸ ಓಯ್ತಾ ಇದೀವಿ” ಎಂದು ಘೋಷಿಸಿದರು.

ಅಪ್ಪ ಕಾಫಿ ಲೋಟ ಕೆಳಗಿಟ್ಟರು. “ಯಾವ್ ಸಮುದ್ರ?”

“ಶಿವನಸಮುದ್ರ.”

“ಅಲ್ಲಿ ಕರೆಂಟ್ ತಯಾರಾಯ್ತದೆ ಕಣ್ಲಾ, ಸಮುದ್ರ ಎಲ್ಲೈತೆ?”

“ಭೂಮಧ್ಯ ಸಮುದ್ರ ಅಂದ್ರೆ ಏನಣ್ಣ? ಸುತ್ತ ಭೂಮಿ, ಮಧ್ಯ ಸಮುದ್ರ. ಶಿವನಸಮುದ್ರದ ಸುತ್ತ ಏನೈತೆ? ಭೂಮಿ ತಾನೆ? ಮತ್ತಿನ್ನೇನು.”

ಈ ವಾದಕ್ಕೆ ಉತ್ತರ ಕೊಡಬಲ್ಲ ವಕೀಲರು ಮಂಡ್ಯದಲ್ಲಿ ಇದ್ದರೋ ಇಲ್ಲವೋ, ನಮ್ಮ ಮನೆಯಲ್ಲಂತೂ ಇರಲಿಲ್ಲ. ಬೇರೆ ಸಮಯವಾಗಿದ್ದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದೆವು. ಆ ಸಲ ಯಾರೂ ನಗಲಿಲ್ಲ. ಚಿಕ್ಕಮ್ಮನಿಗೆ ಮೂರನೆಯ ಬಸಿರೂ ನಿಲ್ಲದೆ ಹೋಗಿ ಕೆಲವೇ ತಿಂಗಳಾಗಿತ್ತು. ಇನ್ನು ಮಕ್ಕಳ ಆಸೆ ಬಿಡಿ, ಜೀವಕ್ಕೇ ಅಪಾಯ ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು. ಮಾತಿಗೆ ಮಾತು ಸೇರಿಸಿ ಮನೆಯನ್ನೆಲ್ಲ ನಗಿಸುತ್ತಿದ್ದ ಹೆಂಗಸು ಅಂದಿನಿಂದ ಹೂಂ, ಊಹೂಂ ಬಿಟ್ಟು ಮಾತಾಡುತ್ತಿರಲಿಲ್ಲ. ಮದುವೆ, ನಾಮಕರಣ ಎಂದರೆ ಒಳಗೆ ಸೇರಿಕೊಳ್ಳುತ್ತಿದ್ದರು. ಅವರು ಮತ್ತೆ ಒಂದು ಸಲ ನಕ್ಕರೆ ಸಾಕು ಎಂದು ನಾವೆಲ್ಲ ಕಾಯುತ್ತಿದ್ದ ಕಾಲ ಅದು. ಅಂಥವರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಊರೂರು ಸುತ್ತುವುದೆ?

ಅದಕ್ಕಿಂತ ದೊಡ್ಡ ಆಘಾತ ಇನ್ನೊಂದಿತ್ತು. “ಸಂಜೆ ಹೊತ್ತು ಛತ್ರ, ಲಾಡ್ಜು, ಬಂಗ್ಲೆ, ಇಷ್ಟೇ. ನೆಂಟರ ಮನೆ ಮೆಟ್ಲು ಅತ್ತಾಂಗಿಲ್ಲ” ಎಂದರು ಚಿಕ್ಕಪ್ಪ.

ಅಪ್ಪ ಎದ್ದೇ ನಿಂತರು. ನಮ್ಮ ಕಡೆಯವರಿಗೆ ಪ್ರಯಾಣ ಎಂದರೆ ಒಬ್ಬ ನೆಂಟರ ಮನೆಯಿಂದ ಇನ್ನೊಬ್ಬ ನೆಂಟರ ಮನೆಗೆ ಹೋಗುವುದು. ಮದ್ದೂರಿನಲ್ಲಿ ಇವರಿಬ್ಬರ ಒಡಹುಟ್ಟಿದ ಅಕ್ಕ, ಮಳವಳ್ಳಿಯಲ್ಲಿ ದೊಡ್ಡಪ್ಪನ ಮಗ, ಕಿರುಗಾವಲಿನಲ್ಲಿ ಸೋದರಮಾವ, ಕೊತ್ತತ್ತಿಯಲ್ಲಿ ಚಿಕ್ಕಮ್ಮನ ತವರು. ಯಾವ ದಿಕ್ಕಿಗೆ ಕಲ್ಲು ಎಸೆದರೂ ಒಬ್ಬ ನೆಂಟರಿಗೆ ತಾಗುವಂಥ ಸೀಮೆ.

“ಅಕ್ಕನ ಮನೆ ಇಟ್ಕೊಂಡು ಛತ್ರದಲ್ಲಿ ಮನಿಕತೀಯೇನ್ಲಾ? ಜನ ಏನಂದಾರು? ಮನೇಲಿ ಜಗಳ ಅಂತಾರೆ.”

“ಪುಸ್ತಕದಲ್ಲಿ ಅಂಗೇ ಬರ್ದವ್ರೆ ಕಣಣ್ಣ. ನಾನೇನ್ ಮಾಡ್ಲಿ?” ಎಂದು ಚಿಕ್ಕಪ್ಪ ಜೇಬಿನಿಂದ ಆ ಪುಟ ತೆಗೆದು ತೋರಿಸಿದರು. ಅಪ್ಪನಿಗೆ ಇಂಗ್ಲಿಷ್ ಬಾರದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಅಪ್ಪ ಚಿಕ್ಕಮ್ಮನನ್ನೇ ಕೇಳಿದರು. ಆಕೆ “ಹೂಂ” ಎಂದರು. ಹೋಗುತ್ತೇನೆ ಎಂತಲೋ, ಎಲ್ಲಾದರೇನು ಎಂತಲೋ ತಿಳಿಯಲಿಲ್ಲ. ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ನೀನೂ ಓಗಮ್ಮಿ. ಅವ್ನು ಉಚ್ಚಾಟ ಎಚ್ಚು ಮಾಡುದ್ರೆ ಅವ್ಳನ್ನ ಮದ್ದೂರಿಗೆ ಕರ್ಕೊಂಡೋಗಿ ಅತ್ತೆ ಮನೇಲಿ ಬುಡು” ಎಂದರು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನಗೆ ಸೈಕಲ್ ಬರುತ್ತಿತ್ತು. ಅದನ್ನು ಕಲಿಸಿದವರೂ ಚಿಕ್ಕಪ್ಪನೇ.

ಕಬ್ಬು ಕಡಿಯುವ ಕಾಲ. ಚಿಕ್ಕಪ್ಪ ಖಾಕಿ ಚಡ್ಡಿ ತೊಟ್ಟು, ತಲೆಗೆ ಟವೆಲ್ ಸುತ್ತಿ ಬಂದರು. ಕ್ಯಾರಿಯರ್ ಮೇಲೆ ಮಡಿಸಿದ ಜಮಖಾನೆ, ಅದರ ಮೇಲೆ ಚಿಕ್ಕಮ್ಮ. ಹ್ಯಾಂಡಲಿಗೆ ಎರಡು ಒಣಗಿದ ಸೋರೆ ಬುರುಡೆ ತೂಗುತ್ತಿದ್ದವು. ಯಾಕೆಂದು ಕೇಳಿದ್ದಕ್ಕೆ “ಜಲಕ್ರೀಡೆ” ಎಂದರು. ನನಗೆ ಅಪ್ಪನ ಸೈಕಲ್ಲು. ರಸ್ತೆ ತುಂಬ ಕಬ್ಬಿನ ಗಾಡಿಗಳು. ಅವುಗಳ ಹಿಂದೆ ಎತ್ತಿನ ನಡಿಗೆಯಲ್ಲೇ ನಮ್ಮ ಕ್ರೀಡಾಪ್ರವಾಸ ಸಾಗಿತು. ದಾರಿಯಲ್ಲಿ ಒಂದು ಆಲೆಮನೆ ಕಂಡಿತು. ಚಿಕ್ಕಪ್ಪ ಸೈಕಲ್ ನಿಲ್ಲಿಸಿ, “ದ್ರಾಕ್ಷಾರಸ” ಎಂದು ನಮ್ಮಿಬ್ಬರಿಗೂ ಕಬ್ಬಿನ ಹಾಲು ತಂದುಕೊಟ್ಟರು. ಆಲಿವ್ ಕಾಯಿಗೆ ಬದಲು ಬುತ್ತಿಯಲ್ಲಿ ಉಪ್ಪು ನೆಲ್ಲಿಕಾಯಿ ಇತ್ತು. ಆಲೆಮನೆಯವನು ಚಡ್ಡಿ, ಬುರುಡೆ, ಚಿಕ್ಕಮ್ಮ, ನಾನು ಎಲ್ಲವನ್ನೂ ಒಂದು ಸುತ್ತು ನೋಡಿ, “ಸರ್ಕಸ್ನೋರಾ?” ಎಂದ. ನಾನು ನಕ್ಕೆ. ಚಿಕ್ಕಮ್ಮ ಲೋಟದೊಳಗೆ ನೋಡುತ್ತಾ ಕೂತಿದ್ದರು.

ಬಿಸಿಲೇರಿದ ಮೇಲೆ ನಾಲೆಯಲ್ಲಿ ಜಲಕ್ರೀಡೆ. ಬುರುಡೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಚಿಕ್ಕಪ್ಪ ನೀರಿಗಿಳಿದರು. ಕೈಕಾಲು ಬಡಿದದ್ದೇನೋ ಪಶ್ಚಿಮಕ್ಕೆ, ನಾಲೆ ಹರಿಯುತ್ತಿದ್ದದ್ದು ಪೂರ್ವಕ್ಕೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, ತೇಲುತ್ತಾ ದೂರವಾಗುತ್ತಿದ್ದ ಅವರನ್ನು ನೋಡಿ, “ನಿಮ್ಮೆಜಮಾನ್ರು ಎಲ್ಲಿಗೋಯ್ತಾವ್ರೆ ಕಣಮ್ಮ?” ಎಂದು ಚಿಕ್ಕಮ್ಮನನ್ನು ವಿಚಾರಿಸಿದಳು. ಮುಂದಿನ ಸೇತುವೆಯ ಹತ್ತಿರ ಇಬ್ಬರು ರೈತರು ಹಿಡಿದು ದಡಕ್ಕೆಳೆದರು. ಅದಕ್ಕೂ ಚಿಕ್ಕಮ್ಮ ನಗಲಿಲ್ಲ. ನನಗೆ ಚಿಕ್ಕಪ್ಪನ ಮೇಲೆ ಸಿಟ್ಟು ಬಂತು. ಇಷ್ಟು ಕೋಡಂಗಿತನ ಯಾರಿಗೆ ಬೇಕಾಗಿತ್ತು?

ಸಂಜೆ ಮದ್ದೂರು ಸೇರಿ, ಅತ್ತೆಯ ಮನೆಯ ಬೀದಿಯನ್ನು ತಪ್ಪಿಸಿ, ಹಿಂದಿನ ಗಲ್ಲಿಯಿಂದ ಕಳ್ಳರ ಹಾಗೆ ಛತ್ರ ಹೊಕ್ಕೆವು. ‘ಕಿಟಕಿಯಿಂದ ಸಮುದ್ರದ ನೋಟ’ ಎಂದು ಪುಸ್ತಕದಲ್ಲಿತ್ತು. ನಮ್ಮ ಕಿಟಕಿಯಿಂದ ಬಸ್ ಸ್ಟ್ಯಾಂಡು ಕಾಣುತ್ತಿತ್ತು. ಆದರೆ ಮದ್ದೂರಿನಂಥ ಊರಿನಲ್ಲಿ ಚಡ್ಡಿ ತೊಟ್ಟ ಗುಮಾಸ್ತರು ಎಷ್ಟು ಹೊತ್ತು ಅಡಗಿರಲು ಸಾಧ್ಯ? ದೀಪ ಹಚ್ಚುವ ಮೊದಲೇ ಅತ್ತೆ ದೊಡ್ಡ ಟಿಫನ್ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ನಾನೇನ್ ಸತ್ತೋದ್ನೇನ್ಲಾ? ಬೀದಿ ಜನ ಬಂದು ಏಳ್ತಾವ್ರೆ, ನಿನ್ ತಮ್ಮ ಛತ್ರದಲ್ಲವ್ನೆ ಅಂತ.”

“ಪುಸ್ತಕದಲ್ಲಿ...” ಎಂದು ಚಿಕ್ಕಪ್ಪ ಜೇಬಿಗೆ ಕೈ ಹಾಕಿದರು.

“ಒಲೆಗಾಕು ನಿನ್ ಪುಸ್ತಕವ” ಎಂದು ಅತ್ತೆ ಚಾಪೆಯ ಮೇಲೆ ಕೂತು, ಎಲೆ ಹಾಸಿ, ಬಡಿಸತೊಡಗಿದರು. ನಮ್ಮ ಅತ್ತೆಯ ಕೈ ದೊಡ್ಡದು, ಮನಸ್ಸೂ ದೊಡ್ಡದು. ಬಾಯಿ ಮಾತ್ರ ಸುಮ್ಮನಿರದು. ಮುದ್ದೆಗೆ ಸಾರು ಬಿಡುತ್ತಾ ಚಿಕ್ಕಮ್ಮನ ಕಡೆ ತಿರುಗಿ, “ಆ ಡಾಕ್ಟ್ರಮ್ಮನ ಮಾತ ನಂಬ್ಬೇಡ ಕಣಮ್ಮಿ. ಮೈಸೂರಲ್ಲಿ ಒಬ್ರು ನಾಟಿ ಔಸ್ದಿ ಕೊಡ್ತಾರಂತೆ. ನಮ್ ಪಕ್ಕದ್ಮನೆ ಸೊಸೆಗೆ ಒಂದೇ ವರ್ಸಕ್ಕೆ...” ಎಂದು ಶುರು ಮಾಡಿದರು.

ಚಿಕ್ಕಮ್ಮನ ಕೈ ಎಲೆಯ ಮೇಲೇ ನಿಂತಿತು. ಮುಖ ಮನೆಯ ಬಾಗಿಲು ಹಾಕಿಕೊಂಡ ಹಾಗೆ ಮುಚ್ಚಿಕೊಂಡಿತು.

ಚಿಕ್ಕಪ್ಪ ತುತ್ತು ಕೆಳಗಿಟ್ಟರು. ತಮಾಷೆಯಿಲ್ಲದ ಅವರ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. “ಇದ್ಕೇ ಕಣಕ್ಕ, ಛತ್ರ.”

“ಏನು?”

“ಯಾರ್ ಮನೇಗೋದ್ರೂ ಪ್ರೀತಿಯಿಂದ್ಲೇ ಕೇಳ್ತೀರ. ನೀನೂ ಅಷ್ಟೇ, ಅವ್ಳ ತವರ್ನೋರೂ ಅಷ್ಟೇ. ನಿಮ್ ತೆಪ್ಪಿಲ್ಲ. ಆದ್ರೆ ನಾಕು ದಿನ ಯಾರೂ ಕೇಳ್ದೇ ಇರೋ ಕಡೆ ಇವ್ಳನ್ನ ಇಟ್ಕೋಬೇಕು ಅನ್ನಿಸ್ತು. ಛತ್ರದಲ್ಲಿ ಯಾರೂ ಕೇಳಲ್ಲ.”

ಅತ್ತೆ ಚಿಕ್ಕಮ್ಮನ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿದರು, ಬೆನ್ನ ಮೇಲೆ ಒಮ್ಮೆ ಕೈಯಾಡಿಸಿದರು, ಖಾಲಿ ಕ್ಯಾರಿಯರ್ ಎತ್ತಿಕೊಂಡು ಹೋದರು. ಅಮ್ಮ ವಹಿಸಿದ್ದ ಕೆಲಸವನ್ನು ನಾನು ಅಲ್ಲೇ ಕೈಬಿಟ್ಟೆ.

ಮಾರನೆಯ ದಿನ ಮಳವಳ್ಳಿ. ಅಲ್ಲಿ ಸೈಕಲ್ಲಿನ ಕಡ್ಡಿಗಳು ಮುರಿದವು. ರಿಪೇರಿ ಮಾಡಿದ ಸಾಬರು, “ಎರಡು ಜನದ ಭಾರಕ್ಕೆ ಮುರಿದಿಲ್ಲ ಸಾರ್, ನಿಮ್ಮ ಸಾಮಾನಿಗೆ ಮುರಿದಿದೆ” ಎಂದು ಬುರುಡೆಗಳತ್ತ ಕೈ ತೋರಿಸಿದರು. ಅವು ಖಾಲಿ ಬುರುಡೆ, ತೂಕವಿಲ್ಲ ಎಂದು ಚಿಕ್ಕಪ್ಪ ವಾದಿಸಿದರು. ಚಿಕ್ಕಮ್ಮ ಮೊದಲ ಸಲ ತಾವಾಗಿ ಬಾಯಿ ಬಿಟ್ಟರು. “ಆ ಊರ್ನೋರು ದಿನಾ ನಡ್ದೂ ನಡ್ದೂ, ಮನೇಗೆ ಯಾವಾಗ ಓಗ್ತಾರೆ?” ಎಂದು ಪುಸ್ತಕದವರ ಬಗ್ಗೆ ಕೇಳಿದರು. ಚಿಕ್ಕಪ್ಪ ಸಂತೋಷದಿಂದ ಗಂಟೆಗಟ್ಟಲೆ ವಿವರಿಸಿದರು. ಪಾಪ, ಚಿಕ್ಕಮ್ಮ ಕೇಳಿದ್ದು ಅಷ್ಟನ್ನಲ್ಲ.

ಮಳವಳ್ಳಿಯಿಂದ ಮುಂದಿನದು ನಡಿಗೆಯ ದಿನ. ಆದ್ದರಿಂದ ಸೈಕಲ್ಲುಗಳನ್ನು ನಾವು ತಳ್ಳಿಕೊಂಡು ನಡೆಯಬೇಕೆಂದು ಚಿಕ್ಕಪ್ಪ ನಿಯಮ ಮಾಡಿದ್ದರು! ಅರ್ಧ ದಾರಿಯಲ್ಲಿ ಚಿಕ್ಕಮ್ಮ ಏನೂ ಹೇಳದೆ ಕ್ಯಾರಿಯರ್ ಮೇಲೆ ಹತ್ತಿ ಕೂತುಬಿಟ್ಟರು. ನಿಯಮ ಅಲ್ಲಿಗೆ ರದ್ದಾಯಿತು. ಹಾಗೆ ಶಿವನಸಮುದ್ರ ಮುಟ್ಟಿದೆವು.

ಹೊಳೆಯಲ್ಲಿ ನೀರು ಇಳಿದಿತ್ತು. ಚಿಕ್ಕಪ್ಪನಿಗೆ ದೋಣಿ ಬೇಕು, ಸಿಕ್ಕಿದ್ದು ಹರಿಗೋಲು. ಅಂಬಿಗನ ಕೈಯಿಂದ ಹುಟ್ಟು ಕಿತ್ತುಕೊಂಡು ತಾವೇ ಹಾಕಿದರು. ಹರಿಗೋಲು ಇದ್ದಲ್ಲೇ ಗಿರಗಿರನೆ ತಿರುಗಿತು. ಭೂಮಧ್ಯ ಸಮುದ್ರದಲ್ಲೂ ಹೀಗೇ ಸುಳಿಗಳಿರುತ್ತವೆ ಎಂದು ಹೇಳಲು ಎದ್ದು ನಿಂತವರು, ಮಾತು ಮುಗಿಸುವ ಮೊದಲೇ ಮೊಣಕಾಲುದ್ದದ ನೀರಿಗೆ ಅಂಗಾತ ಬಿದ್ದರು.

ತೊಟತೊಟ ನೀರು ಸುರಿಸುತ್ತಾ ಪ್ರವಾಸಿ ಬಂಗಲೆಯ ಜಗುಲಿ ಹತ್ತಿದೆವು. ಬಂಗಲೆ ಕಾಯುತ್ತಿದ್ದ ಮುದುಕನೇ ಅಡುಗೆಯವನೂ ಆಗಿದ್ದ. ಅಕ್ಕಿ ಅಳೆಯಲು ಪಾವು ಹಿಡಿದು ಬಂದು ಚಿಕ್ಕಮ್ಮನನ್ನು ನೋಡಿ, “ಅಕ್ಕಿ ಎಷ್ಟಾಕ್ಲಿ ತಾಯಿ? ನಿಮ್ಗೆ ಮಕ್ಳೆಷ್ಟು?” ಎಂದ.

ಛತ್ರದಲ್ಲಿ ಯಾರೂ ಕೇಳಲ್ಲ ಎಂದವರ ಬಾಯಿ ತೆರೆದೇ ಉಳಿಯಿತು.

ಚಿಕ್ಕಮ್ಮ ಮುದುಕನನ್ನು ನೋಡಿದರು. ಆಮೇಲೆ, ಜಗುಲಿಯ ಮೇಲೆ ನೀರಿನ ಕೊಳ ಮಾಡಿಕೊಂಡು ನಿಂತಿದ್ದ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಒಂದೇ ಕಣಪ್ಪ” ಎಂದರು. “ನಲವತ್ತು ವರ್ಸ. ನೋಡು, ಎಂಗೆ ನೆನ್ಕೊಂಡು ನಿಂತೈತೆ. ತಲೆ ಒರ್ಸ್ಕೊ ಅಂತ್ಲೂ ನಾನೇ ಏಳ್ಬೇಕು. ನೀನು ಒಂದ್ ಪಾವು ಜಾಸ್ತಿನೇ ಆಕು.”

ಹೇಳಿ ನಕ್ಕರು. ಮುದುಕನೂ ನಕ್ಕು, ಒಂದು ಪಾವು ಜಾಸ್ತಿ ಅಳೆಯಲು ಒಳಗೆ ಹೋದ. ಚಿಕ್ಕಪ್ಪ ಮೆಲ್ಲನೆ ಮೆಟ್ಟಿಲ ಮೇಲೆ ಕೂತು ತಲೆ ತಗ್ಗಿಸಿದರು. ಚಿಕ್ಕಮ್ಮ ಹಿಂದೆ ನಿಂತು, ಸೆರಗಿನಿಂದ ಅವರ ತಲೆ ಒರೆಸತೊಡಗಿದರು. ಕೂದಲು ಒಣಗಿ ಎಷ್ಟೋ ಹೊತ್ತಾದರೂ ಚಿಕ್ಕಪ್ಪ ಮುಖ ಎತ್ತಲಿಲ್ಲ, ಚಿಕ್ಕಮ್ಮ ಒರೆಸುವುದನ್ನು ನಿಲ್ಲಿಸಲೂ ಇಲ್ಲ.